ಮೂರು ಕೊಟೇಶನ್, ಒಂದೇ ತೆಪ್ಪ

ನಮ್ಮ ಕಡೆ ಕೃಷ್ಣಾ ಹೊಳೆ ಬರುವುದಕ್ಕೆ ಯಾರ ಮಂಜೂರಾತಿಯೂ ಬೇಡ. ಮಹಾರಾಷ್ಟ್ರದ ಘಟ್ಟದಲ್ಲಿ ನಾಲ್ಕು ದಿನ ಮಳೆ ಜಡಿ ಹಿಡಿದರೆ ಸಾಕು. ಆಲಮಟ್ಟಿ ತುಂಬುತ್ತದೆ, ನಾರಾಯಣಪುರದ ಬಸವಸಾಗರದ ಗೇಟು ಏಳುತ್ತವೆ, ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳು ಹೊಳೆಯ ಪಾಲಾಗುತ್ತವೆ. ರಾಯಚೂರಿನಲ್ಲಿ ಆಗ ಹನಿ ಕೂಡ ಬಿದ್ದಿರುವುದಿಲ್ಲ. ಮೇಲೆ ಬಿಸಿಲು, ಕೆಳಗೆ ನೆರೆ. ಇಷ್ಟೂ ಕೆಲಸ ಒಂದು ಜೆರಾಕ್ಸ್ ಪ್ರತಿ ಇಲ್ಲದೆ ಮುಗಿಯುತ್ತದೆ. ಆ ನೀರಿನಿಂದ ಎದ್ದು ಬಂದವರಿಗೆ ಐದು ಕೆ.ಜಿ. ಅಕ್ಕಿ, ಒಂದು ತಾಡಪತ್ರಿ ಕೊಡಬೇಕೆಂದರೆ ಮಾತ್ರ 38 ಪುಟ ಬೇಕು.

ಆ 38 ಪುಟ ಬರೆದ ಪಾಪ ನನ್ನದು.

ನಮ್ಮದು ಹೊಳೆದಂಡೆಯ ಊರಿನ ಸಣ್ಣ ಚರ್ಚು. ಭಾನುವಾರ ಎಂಬತ್ತು ಮಂದಿ ಬಂದರೆ ಹಬ್ಬ ಇರಬೇಕು ಅನ್ನಿಸುತ್ತದೆ. ನಾನು ಅದರ ಕಮಿಟಿಯಲ್ಲಿ ಇರುವುದು ಭಕ್ತಿಗಿಂತ ಹೆಚ್ಚಾಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ತಪ್ಪಿಗೆ. ಹೊಳೆ ಬಂದ ರಾತ್ರಿ ಪಾಸ್ಟರ್ ಚರ್ಚಿನ ಬಾಗಿಲು ತೆಗೆಸಿ, ಬೆಂಚು ಹೊರಗಿಟ್ಟು, ಕೆಳಗಿನ ಓಣಿಯವರನ್ನೆಲ್ಲ ಒಳಗೆ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಮಠದಿಂದ ಎರಡು ಬುಟ್ಟಿ ಕಟಕ ರೊಟ್ಟಿ ಬಂತು. ಮಸೀದಿಯ ಕಡೆಯಿಂದ ಒಂದು ಡೇಗ್ಸಿ ಅನ್ನ ಬಂತು. ಮೇಲಿನ ಓಣಿಯ ಅಜ್ಜಿಯೊಬ್ಬಳು ಸೆರಗಿನಲ್ಲಿ ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಳು. ಮೂರು ದಿನ ಹೀಗೇ ನಡೆಯಿತು. ಯಾರೂ ಯಾರಿಗೂ ಫಾರಂ ತುಂಬಿಸಿಕೊಳ್ಳಲಿಲ್ಲ.

ತೊಂದರೆ ಶುರುವಾದದ್ದು ನಾಲ್ಕನೇ ದಿನ, ನೆರವು ಸಿಗುತ್ತದೆ ಅಂತ ಸುದ್ದಿ ಬಂದ ಮೇಲೆ. ಬೆಂಗಳೂರಿನ ಒಂದು ದೊಡ್ಡ ಕ್ರೈಸ್ತ ಸೇವಾಸಂಸ್ಥೆಗೆ ಹೊರದೇಶದ ಸಭೆಗಳಿಂದ ದುಡ್ಡು ಬರುತ್ತದಂತೆ, ನಮ್ಮ ಊರಿಗೂ ಕೊಡಿಸಬಹುದಂತೆ, "ಒಂದು ಪ್ರಪೋಸಲ್ ಕಳಿಸಿ" ಅಂತ ಫೋನು. ಪಾಸ್ಟರ್ ನನ್ನ ಮುಖ ನೋಡಿದರು. "ಸರ್, ನಿಮ್ಗ ಇಂಗ್ಲಿಷ್ ಬರ್ತದಲ್ರಿ. ಎರಡು ಹಾಳಿ ಬರ್ದು ಕೊಡ್ರಿ."

ಮೊದಲ ಪ್ರಯತ್ನವನ್ನು ನಾನು ಮುಕ್ಕಾಲು ಪುಟದಲ್ಲಿ ಮುಗಿಸಿದೆ. ಹೊಳೆ ಬಂದಿದೆ, ಮನೆ ಹೋಗಿವೆ, ಅಕ್ಕಿ, ತಾಡಪತ್ರಿ, ಹೊದಿಕೆ ಬೇಕು, ನಡುಗಡ್ಡೆಯವರನ್ನು ಕರೆತರಲು ತೆಪ್ಪ ಬೇಕು. ಅದು ಹೋದಷ್ಟೇ ವೇಗದಲ್ಲಿ ತಿರುಗಿ ಬಂತು. ಸಮಸ್ಯೆಯ ವಿಶ್ಲೇಷಣೆ ಇಲ್ಲವಂತೆ. ನೀರು ಎದೆಮಟ್ಟ ಇದೆ ಎಂಬುದು ವಿಶ್ಲೇಷಣೆ ಅಲ್ಲ, ಬರೀ ಹೇಳಿಕೆ. ಅದರ ಜೊತೆ ಒಂದು ಕೋಷ್ಟಕ ಕಳಿಸಿದ್ದರು, ಹೆಸರು ಲಾಗ್‌ಫ್ರೇಮ್. 1969ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆಗಾಗಿ ಹುಟ್ಟಿದ ಪಟ್ಟಿ ಇದು. ಅಡ್ಡ ನಾಲ್ಕು ಮನೆ, ಉದ್ದ ನಾಲ್ಕು ಮನೆ, ನೋಡಿದರೆ ಚೌಕಾಬಾರ ಆಡುವ ಪಟ ಇದ್ದ ಹಾಗೆ. ಕಾಯಿ ಮಾತ್ರ ಹಣ್ಣಾಗುವುದಿಲ್ಲ. ಗುರಿ ಬೇರೆ, ಉದ್ದೇಶ ಬೇರೆ, ಫಲ ಬೇರೆ, ಫಲಿತಾಂಶ ಬೇರೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪರ್ಯಾಯ ಪದ ಬರೆಸಿದ ನನಗೆ ಈ ನಾಲ್ಕರ ವ್ಯತ್ಯಾಸ ಗೊತ್ತಾಗಲಿಲ್ಲ. ಕೊನೆಯ ಕಾಲಮ್ಮಿನಲ್ಲಿ 'ಊಹೆಗಳು' ಅಂತ ಇತ್ತು. ಅಂದರೆ ಯೋಜನೆ ಗೆಲ್ಲಬೇಕಾದರೆ ಏನೇನು ಆಗಬಾರದು ಎಂಬುದು. ನಾನು ಬರೆದೆ: "ಮೇಲಿಂದ ಮತ್ತೆ ನೀರು ಬಿಡಬಾರದು." ಬಹಳ ಚೆನ್ನಾಗಿದೆ, ಇಂಥವು ಇನ್ನೂ ಮೂರು ಬೇಕು ಅಂದರು.

ಪಾಸ್ಟರ ಅಳಿಯ ಕಂಪ್ಯೂಟರ್ ಬಲ್ಲವನು. ಕನ್ನಡದಲ್ಲಿ ಕರಡು ಮಾಡಿಕೊಂಡು ಆಮೇಲೆ ಇಂಗ್ಲಿಷಿಗೆ ತಿರುಗಿಸೋಣ ಎಂದು ಅವನ ಉಪಾಯ. 'ಲಿಂಗ ಸಮಾನತೆಗೆ ಕೈಗೊಂಡ ಕ್ರಮಗಳು' ಎಂಬ ಕಾಲಮ್ಮಿಗೆ ಅವನು ತುಂಬಿದ್ದು: "ಲಿಂಗಸುಗೂರು, ಮಾನ್ವಿ, ದೇವದುರ್ಗ, ಎಲ್ಲಾ ತಾಲ್ಲೂಕಿಗೂ ಸಮಾನ." ತಿದ್ದಲು ಮನಸ್ಸಾಗಲಿಲ್ಲ. ಇಡೀ 38 ಪುಟದಲ್ಲಿ ನಿಜವಾದ ಸದಿಚ್ಛೆ ಇದ್ದದ್ದು ಆ ಒಂದು ಸಾಲಿನಲ್ಲಿ.

ಆಮೇಲೆ ಮಾನದಂಡ ಬಂದವು. ಲೋಕದಲ್ಲೆಲ್ಲ ಪರಿಹಾರ ಕೆಲಸಕ್ಕೆ ಸ್ಫಿಯರ್ ಅಂತ ಒಂದು ಕೈಪಿಡಿ ಇದೆ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು ತಲೆಗೆ 3.5 ಚದರ ಮೀಟರ್ ಸೂರು, ಇಪ್ಪತ್ತು ಮಂದಿಗೊಂದು ಶೌಚಾಲಯ. ಒಳ್ಳೆಯ ಲೆಕ್ಕವೇ, ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹಬ್ಬಿದ ಶಿಬಿರ ಕಂಡವರು ಮಾಡಿದ್ದು, ನಾನು ನಗುವುದಿಲ್ಲ. ಆದರೆ ಬೆಂಗಳೂರಿನ ತರುಣ ಅಧಿಕಾರಿ ಫೋನಿನಲ್ಲಿ "ಸರ್, ಸಂತ್ರಸ್ತರಿಗೆ ದಿನಕ್ಕೆ 15 ಲೀಟರ್ ನೀರಿನ ಲಭ್ಯತೆ ಇದೆಯಾ?" ಅಂತ ಕೇಳಿದಾಗ ನಾನು ಹೊಳೆಯ ಕಡೆ ನೋಡುತ್ತ ನಿಂತಿದ್ದೆ. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮೇಲೆ. ಅವತ್ತು ಹರಿಯುತ್ತಿದ್ದದ್ದು ಅದರ ಎಷ್ಟೋ ಪಟ್ಟು. "ಲಭ್ಯತೆ ಅದ್ರೀ," ಅಂದೆ.

ಇನ್ನು ತೆಪ್ಪ. ನಡುಗಡ್ಡೆಗೆ ಹೋಗಿಬರಲು ನಮ್ಮಲ್ಲಿ ಇರುವುದು ಒಬ್ಬನೇ ಅಂಬಿಗ, ಒಂದೇ ತೆಪ್ಪ. ಹತ್ತು ಸಾವಿರಕ್ಕೆ ಮೇಲ್ಪಟ್ಟ ಯಾವ ಖರ್ಚಿಗೂ ಮೂರು ಕೊಟೇಶನ್ ಬೇಕು ಎಂದು ನಿಯಮ. ನಾನು ದಂಡೆಗೆ ಹೋಗಿ ವಿಷಯ ತಿಳಿಸಿದೆ. ಅವನು ಆ ಹೊತ್ತಿಗೆ ನಾಲ್ಕು ಆಡು, ಒಬ್ಬ ಬಸುರಿ, ಒಂದು ಹೊಲಿಗೆ ಮಿಷನ್ನು ಇಳಿಸಿ ಏದುಸಿರು ಬಿಡುತ್ತಿದ್ದ.

"ಮೂರು ಬೇಕೇನ್ರಿ? ನಾನೇ ಮೂರ್ ಸಲ ಹೇಳ್ತೀನಿ, ಬರ್ಕೋರಿ."

ಬರೆದುಕೊಂಡೆ. ಒಂದು ಅವನ ಹೆಸರಲ್ಲಿ, ಒಂದು ಅವನ ಹೆಂಡತಿಯ ಹೆಸರಲ್ಲಿ, ಮೂರನೆಯದು ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಅವನ ತಂದೆಯ ಹೆಸರಲ್ಲಿ. ಅಪ್ಪನ ದರ ಕಡಿಮೆ ಇತ್ತು, ಹಳೇ ಕಾಲದವನಲ್ಲವೇ. ನಿಯಮದ ಪ್ರಕಾರ ಅವನಿಗೇ ಆರ್ಡರ್ ಕೊಡಬೇಕಾಗಿತ್ತು. ಜಿಎಸ್‌ಟಿ ನಂಬರ್ ಇಲ್ಲದ ಕಾರಣ ಮೃತನ ಕೊಟೇಶನ್ ತಿರಸ್ಕೃತವಾಯಿತು.

ಈ ನಡುವೆ 'ಸ್ಥಳೀಯ ಕೊಡುಗೆ ಶೇಕಡ 10' ಎಂಬ ಕಾಲಂ ಎದ್ದು ಕೂತಿತು. ಊರಿನವರು ಏನು ಕೊಟ್ಟರು, ಅದರ ಬೆಲೆ ಎಷ್ಟು, ಆಧಾರ ಏನು. ಮಠದ ರೊಟ್ಟಿ ಬರೆದೆ, ಮಸೀದಿಯ ಅನ್ನ ಬರೆದೆ. ಕ್ರೈಸ್ತ ಯೋಜನೆಗೆ ಇವರು ಯಾವ ಹೆಡ್ಡಿನಲ್ಲಿ ಬರುತ್ತಾರೆ ಎಂದು ಪ್ರಶ್ನೆ ಬಂತು. 'ಪಾಲುದಾರ ಸಂಸ್ಥೆಗಳು' ಅಂತ ಹಾಕಿದೆ, ಒಪ್ಪಿಕೊಂಡರು. ಶೇಂಗಾ ಹಿಂಡಿಗೆ ಮಾತ್ರ ವೋಚರ್ ಬೇಕೇ ಬೇಕು ಎಂದರು. ಅಜ್ಜಿಯ ಮನೆಗೆ ಸ್ಟಾಂಪ್ ಪ್ಯಾಡ್ ತೆಗೆದುಕೊಂಡು ಹೋದೆ. ಹೆಬ್ಬೆಟ್ಟು ಒತ್ತಲು ಅಜ್ಜಿ ಹಿಂದೆ ಸರಿದಳು. "ಯಾಕೋ ಮಾಸ್ತರ, ಹಿಂಡಿ ಕೊಟ್ಟಿದ್ದಕ್ಕ ನನ್ನ ಹೊಲ ಬರ್ಸ್ಕೋತಿಯೇನು?" ಅವಳ ಅಪನಂಬಿಕೆಗೆ ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಹೆಬ್ಬೆಟ್ಟಿನಿಂದ ಕೈಬಿಟ್ಟು ಹೋದ ಹೊಲಗಳು ಹೊಳೆ ಕೊಚ್ಚಿದ ಹೊಲಗಳಿಗಿಂತ ಕಡಿಮೆ ಇರಲಿಕ್ಕಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳಿದ್ದನ್ನು ನಾವು ಸಂಡೇ ಸ್ಕೂಲಿನಲ್ಲೇ ಕಂಠಪಾಠ ಮಾಡಿದವರು. ಪ್ರಪೋಸಲಿನಲ್ಲಿ ಎರಡೂ ಕೈ ಕಾಣುವ ಫೋಟೋ ಬೇಕು, ಅದರ ಮೇಲೆ ಅಕ್ಷಾಂಶ, ರೇಖಾಂಶ, ತಾರೀಖು, ವೇಳೆ ಮೂಡಿರಬೇಕು. ಯೇಸುಸ್ವಾಮಿಯೇ ಹೇಳಿದ ಆ ಒಳ್ಳೆಯ ಸಮಾರ್ಯದವನ ಕಥೆಯನ್ನೇ ಈ ಅಧಿಕಾರಿಗಳ ಮುಂದಿಟ್ಟರೆ? ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ದ್ರಾಕ್ಷಾರಸಕ್ಕೆ ಬಿಲ್ ಇಲ್ಲ, ಫಲಾನುಭವಿಯ ಆಧಾರ್ ಇಲ್ಲ, ಕೊನೆಯ ಮಾತಿಗಂತೂ ಮಿತಿಯೇ ಇಲ್ಲ. ಆಡಿಟರ್ ಅವನನ್ನು ಮತ್ತೊಮ್ಮೆ ಅದೇ ದಾರಿಯಲ್ಲಿ ಮಲಗಿಸುತ್ತಿದ್ದ.

ಶಿಲುಬೆಯ ಪ್ರಶ್ನೆ ಬೇರೆ ಇತ್ತು. ರೆಡ್‌ಕ್ರಾಸ್‌ನವರೂ ದೊಡ್ಡ ಸಂಸ್ಥೆಗಳೂ ಸೇರಿ 1994ರಲ್ಲಿ ಮಾಡಿಕೊಂಡ ನೀತಿಸಂಹಿತೆಯಲ್ಲಿ, ನೆರವಿನ ನೆಪದಲ್ಲಿ ಮತ ಹಬ್ಬಿಸಬಾರದು, ಯಾವ ಮತದವರೆಂದು ನೋಡಿ ಕೊಡಬಾರದು ಎಂದಿದೆ. ಸರಿಯಾದ ಮಾತು. ಅದಕ್ಕಾಗಿ ಒಬ್ಬ ದಾನಿ ಫೋಟೋದಲ್ಲಿ ಶಿಲುಬೆ ಕಾಣಕೂಡದು ಎಂದರು. ಇನ್ನೊಬ್ಬ ದಾನಿಗೆ, ತಮ್ಮ ಸಭೆಯವರಿಗೆ ತೋರಿಸಲು, ಶಿಲುಬೆ ಕಾಣಲೇಬೇಕು. ಹೀಗಾಗಿ ಒಂದೇ ಅಕ್ಕಿ ಚೀಲವನ್ನು ಒಂದೇ ಹೆಂಗಸು ಎರಡು ಸಲ ಈಸಿಕೊಂಡಳು. ಮೊದಲನೆಯ ಸಲ ಗೋಡೆಯ ಮೇಲಿನ ಶಿಲುಬೆಗೆ ತಾಡಪತ್ರಿ ಹೊದಿಸಿದ್ದೆವು. ಆ ನೆರೆಯಲ್ಲಿ ನಮ್ಮಿಂದ ಮೊದಲ ತಾಡಪತ್ರಿ ಪಡೆದ ಸಂತ್ರಸ್ತ ಸ್ವಾಮಿಯೇ.

38 ಪುಟ ಹೋಯಿತು. ಈಗ ಕಾನೂನಿನ ಸರದಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಪಡೆದ ಹೊರದೇಶದ ದುಡ್ಡನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದೇಶದ ಯಾವ ಮೂಲೆಯ ಸಂಸ್ಥೆಗೇ ಬರಲಿ, ಆ ದುಡ್ಡು ಮೊದಲು ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಇಳಿಯಬೇಕು. ನಮಗೆ ಕೃಷ್ಣೆ ದಾಟಲು ಒಂದೇ ತೆಪ್ಪ, ದುಡ್ಡು ಯಮುನೆಯ ದಂಡೆ ಮುಟ್ಟಿ ಬರಬೇಕು. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿದಿದೆ, ಆದರೂ ಪ್ರಪೋಸಲ್ ಬರೆಯುವುದು ಹೇಗೆಂದು ಕಲಿಸುವ ಎರಡು ದಿನದ ಕಾರ್ಯಾಗಾರಕ್ಕೆ ನನ್ನನ್ನು ಬೆಂಗಳೂರಿಗೆ ಕರೆಸಿದರು. ಅಲ್ಲಿ ಊಟ ಬಹಳ ಚೆನ್ನಾಗಿತ್ತು.

ಕಾಯ್ದೆಯಲ್ಲಿ ನೋಂದಣಿಗೆ ಐದು ಬಗೆ: ಧಾರ್ಮಿಕ, ಸಾಂಸ್ಕೃತಿಕ, ಆರ್ಥಿಕ, ಶೈಕ್ಷಣಿಕ, ಸಾಮಾಜಿಕ. ಚರ್ಚಿನ ಅಂಗಳದಲ್ಲಿ ಪಾಸ್ಟರ್ ಪ್ರಾರ್ಥನೆ ಮಾಡಿ ಬಡಿಸಿದ ಅನ್ನ ಧಾರ್ಮಿಕವೋ ಸಾಮಾಜಿಕವೋ ಎಂದು ಕಮಿಟಿ ಒಂದು ಸಂಜೆಯಿಡೀ ಚರ್ಚಿಸಿತು. ಪ್ರಾರ್ಥನೆ ಮುಗಿದ ಮೇಲೆ ತಟ್ಟೆ ಇಟ್ಟರೆ ಸಾಮಾಜಿಕ, ಮೊದಲೇ ಇಟ್ಟರೆ ಧಾರ್ಮಿಕ ಎಂದು ಖಜಾಂಚಿಯವರ ಅಭಿಪ್ರಾಯ. ಕೊನೆಗೆ ಬೆಂಗಳೂರಿನವರೇ ಯೋಜನೆ ನಡೆಸುವುದು, ನಾವು ಅವರ 'ಸಮುದಾಯ ಸ್ವಯಂಸೇವಕರು' ಎಂದು ತೀರ್ಮಾನವಾಯಿತು. ನಮ್ಮ ಚರ್ಚಿನಲ್ಲಿ ನಾವೇ ಅತಿಥಿಗಳು.

ಇಷ್ಟು ಹೊತ್ತು ಹೊಳೆ ಕಾದಿತೇ? ಆಗಸ್ಟ್ ಕೊನೆಗೆ ಇಳಿದುಹೋಯಿತು. ಜನ ಗೋಡೆಯ ರಾಡಿ ಕೆರೆದು ಒಳಗೆ ಹೋದರು. 2009ರ ಆ ದೊಡ್ಡ ನೆರೆಯ ನಂತರ ಸರ್ಕಾರ 'ಆಸರೆ' ಹೆಸರಿನಲ್ಲಿ ಕಟ್ಟಿಸಿದ ಮನೆಗಳಿಗೆ ಹೋಗಿ ಎಂದು ತಲಾಟಿ ಸಲಹೆ ಕೊಟ್ಟ. ಆ ಮನೆಗಳ ಬಾಗಿಲಿಗೆ ಬಳ್ಳಾರಿ ಜಾಲಿ ಬೆಳೆದು, ಒಳಗೆ ಹೋಗಲು ಇನ್ನೊಂದು ಪ್ರಪೋಸಲ್ ಬೇಕಾಗಿತ್ತು. ಹೊಲ ಇಲ್ಲಿ, ಮನೆ ಅಲ್ಲಿ, ದನ ಎಲ್ಲಿ ಕಟ್ಟುವುದು ಎಂದು ಯಾವ ಕಾಲಮ್ಮಿನಲ್ಲೂ ಯಾರೂ ಕೇಳಿರಲಿಲ್ಲ.

ಮಂಜೂರಾತಿ ಪತ್ರ ಏಪ್ರಿಲ್ ಎರಡನೇ ವಾರ ಬಂತು. ರಾಯಚೂರಿನ ಏಪ್ರಿಲ್ ಗೊತ್ತಲ್ಲ, ಹೊಳೆಯ ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 500 ನೆರೆ ಸಂತ್ರಸ್ತ ಕುಟುಂಬಗಳಿಗೆ ಕಿಟ್, ತೆಪ್ಪದ ಬಾಡಿಗೆ ಬೇರೆ. ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಕುಡಿಯುವ ನೀರಿನ ಟ್ಯಾಂಕರಿಗೆ ಬಳಸಬಹುದೇ ಎಂದು ಕೇಳಿದೆ. ಅದು ಬರ, ಇದು ನೆರೆ, ಹೆಡ್ ಬೇರೆ ಅಂದರು. ಬರಕ್ಕೆ ಹೊಸ ಪ್ರಪೋಸಲ್ ಹಾಕಿದರೆ ಮಳೆಗಾಲದ ಹೊತ್ತಿಗೆ ಆಗಬಹುದು ಎಂದು ಭರವಸೆ ಕೊಟ್ಟರು.

ಆ ಭಾನುವಾರ ಮಳೆಗಾಗಿ ವಿಶೇಷ ಪ್ರಾರ್ಥನೆ ಇತ್ತು. ಪ್ರತಿ ಬೇಸಿಗೆ ಇರುತ್ತದೆ. ಪಾಸ್ಟರ್ ಕಣ್ಣು ಮುಚ್ಚಿ ಸ್ವಲ್ಪ ತಡವರಿಸಿದ್ದು ಮುಂದಿನ ಬೆಂಚಿನಲ್ಲಿದ್ದ ನನಗೆ ಮಾತ್ರ ತಿಳಿಯಿತು. ಬೆಳೆಗೆ ಆಗುವಷ್ಟು ಮಳೆ ಕೇಳುವುದೋ, 500 ಕುಟುಂಬಕ್ಕೆ ಆಗುವಷ್ಟು ಕೇಳುವುದೋ. ಖಜಾಂಚಿಯವರು ಮಾತ್ರ ಎರಡನೆಯದಕ್ಕೇ ಗಟ್ಟಿಯಾಗಿ ಆಮೆನ್ ಹೇಳಿದ ಹಾಗಿತ್ತು.

ಸಂಜೆ ದಂಡೆಗೆ ಹೋದೆ. ತೆಪ್ಪವನ್ನು ಬೋರಲು ಹಾಕಿ, ಅದರ ನೆರಳಲ್ಲಿ ಅಂಬಿಗ ಮಲಗಿದ್ದ. ಪಕ್ಕದಲ್ಲಿ ಆಡೊಂದು ಮೆಲುಕು ಹಾಕುತ್ತಿತ್ತು.

"ಸರ್, ಆ ನಮ್ಮ ಮೂರು ಕೊಟೇಶನ್ ಏನಾತ್ರಿ?"

"ಪಾಸಾಗ್ಯಾದಪ್ಪಾ. ದುಡ್ಡೂ ಬಂದಾದ. ಇನ್ನ ಹೊಳಿ ಬರೋದೊಂದ ಬಾಕಿ."

ಅವನು ಎದ್ದು ಕೂತು, ಒಣಗಿದ ಹೊಳೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ತಂಬಾಕು ಉಗುಳಿದ.

"ಹೊಳಿ ಹತ್ರ ಕೊಟೇಶನ್ ತಗೊಂಡೀರೇನ್ರಿ?"