ವಿಚ್ಛೇದನಕ್ಕೂ ಟ್ಯೂಷನ್

ಟ್ಯೂಷನ್ನಿಲ್ಲದೆ ನಡೆಯುವ ಕೆಲಸ ನಮ್ಮ ನಾಡಿನಲ್ಲಿ ಒಂದಾದರೂ ಉಳಿದಿತ್ತೆಂದರೆ ಅದು ಗಂಡ ಹೆಂಡತಿ ಬೇರೆಯಾಗುವುದು. ಸಿಇಟಿಗೆ ಕೋಚಿಂಗ್ ಇದೆ, ಕೆಎಎಸ್‌ಗೆ ಇದೆ, ಎಲ್‌ಕೆಜಿ ಸೇರುವ ಕೂಸಿನ ಸಂದರ್ಶನಕ್ಕೂ ಇದೆ. ಉಳಿದಿದ್ದ ಆ ಒಂದು ಕೊರತೆಯೂ ಈಗ ನೀಗಿತು. ಮನೆಯಲ್ಲಿ ಜಗಳವಾದ ರಾತ್ರಿ ಮೊಬೈಲ್ ತೆರೆದು ನೋಡಿ, ‘ಡಿವೋರ್ಸ್ ಕೋಚ್’ ಪ್ರತ್ಯಕ್ಷರಾಗುತ್ತಾರೆ. ಬಿಳಿ ಗೋಡೆ, ಮೂಲೆಯಲ್ಲೊಂದು ಮನಿ ಪ್ಲಾಂಟ್, ಮುಖದ ಮೇಲೆ ಈಗಷ್ಟೇ ಡಿಕ್ರಿ ಕೈಗೆ ಸಿಕ್ಕವರ ನಗು. ಬೆಳ್ಳಿ, ಚಿನ್ನ, ವಜ್ರ ಎಂದು ಮೂರು ಪ್ಯಾಕೇಜು. ವಜ್ರದವರಿಗೆ ನಡುರಾತ್ರಿಯಲ್ಲೂ ವಾಟ್ಸ್‌ಆ್ಯಪ್ ಮಾಡಿ ಅಳುವ ಸೌಲಭ್ಯ.

ಮೊದಲ ಪಾಠಕ್ಕೆ ಮೊದಲು ಒಂದು ಪರೀಕ್ಷೆ. ‘ವಿಚ್ಛೇದನಕ್ಕೆ ನೀವೆಷ್ಟು ಸಿದ್ಧ?’ ಎಂಬ ಪ್ರಶ್ನಾವಳಿ ತುಂಬಿದರೆ ಅಂಕ ಬರುತ್ತದೆ. ಮದುವೆಗೆ ಜಾತಕ ಕೂಡಿಸುವಾಗ 36ಕ್ಕೆ 18 ಗುಣ ಬಂದರೆ ಪಾಸು ಎಂದು ಪುರೋಹಿತರು ಹೇಳಿದ್ದರಲ್ಲ, ಅದರದೇ ಉತ್ತರಾರ್ಧ. ವ್ಯತ್ಯಾಸವಿಷ್ಟೆ, ಪುರೋಹಿತರು ಅಪರೂಪಕ್ಕಾದರೂ ‘ಇದು ಕೂಡುವುದಿಲ್ಲ’ ಎನ್ನುತ್ತಿದ್ದರು. ಇಲ್ಲಿ ಫೇಲಾದವರಿಗೆ ಸಿದ್ಧತಾ ಪ್ಯಾಕೇಜು, ಪಾಸಾದವರಿಗೆ ಮುಂದುವರಿದ ಪ್ಯಾಕೇಜು.

‘ನಿಮ್ಮ ಪಯಣದಲ್ಲಿ ಈಗ ಎಲ್ಲಿದ್ದೀರಿ?’ ಎಂದು ಕೋಚ್ ಕೇಳುತ್ತಾರೆ.

‘ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಮೇಡಂ.’

‘ಅದಲ್ಲ, ಒಳಗಿನ ಪಯಣ.’

‘ಅದೂ ಅಲ್ಲೇ ನಿಂತಿದೆ, ಮೇಡಂ.’

ನಮ್ಮ ವ್ಯವಸ್ಥೆಯ ಜಾಣತನ ನೋಡಿ. ಕಾನೂನು ಓದಿ, ಪರೀಕ್ಷೆ ಪಾಸು ಮಾಡಿ, ಸನ್ನದು ಪಡೆದ ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮದ ಪ್ರಕಾರ ಅವರ ನಾಮಫಲಕ ಕೂಡ ಮಿತವಾದ ಗಾತ್ರದಲ್ಲಿರಬೇಕು. ಕೋಚ್‌ಗೆ ಓದೂ ಬೇಡ, ಸನ್ನದೂ ಬೇಡ, ಅವರನ್ನು ಪ್ರಶ್ನಿಸುವ ಪರಿಷತ್ತೂ ಇಲ್ಲ. ವಾರಾಂತ್ಯದ ಒಂದು ಆನ್‌ಲೈನ್ ಕೋರ್ಸು ಸಾಕು. ಸ್ವಂತದ್ದೊಂದು ವಿಚ್ಛೇದನವಿದ್ದರೆ ಅನುಭವದ ಖಾತೆಗೆ ಜಮೆ, ಎರಡಿದ್ದರೆ ಹಿರಿಯ ತರಬೇತುದಾರರು. ಬಲ್ಲವನ ಬೋರ್ಡಿಗೆ ಅಳತೆ, ಬಲ್ಲೆನೆಂದವನ ರೀಲ್ಸಿಗೆ ಆಕಾಶವೇ ಮಿತಿ.

ಇನ್ನು ಪಠ್ಯಕ್ರಮ. ಯಾರ ಹೆಸರಿನಲ್ಲಿ ಏನಿದೆ, ಸಂಬಳವೆಷ್ಟು, ಸಾಲವೆಷ್ಟು ಎಂದು ಗಂಡ ಹೆಂಡತಿ ಇಬ್ಬರೂ ಪ್ರಮಾಣಪತ್ರ ಸಲ್ಲಿಸಬೇಕೆಂದು ಜೀವನಾಂಶದ ಪ್ರಕರಣಗಳಿಗೆ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ನಮೂನೆಯೂ ತೀರ್ಪಿನ ಜೊತೆಗೇ ಇದೆ, ಬಿಟ್ಟಿ. ಅದೇ ನಮೂನೆಗೆ ನೇರಳೆ ಬಣ್ಣ ಬಳಿದರೆ ‘ಆರ್ಥಿಕ ಸ್ಪಷ್ಟತೆಯ ಮಾಡ್ಯೂಲ್’ ಆಗುತ್ತದೆ. ಸಂಧಾನಕ್ಕೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿದೆ. ಅದೇ ಕಾಯ್ದೆಯಡಿ ಆಪ್ತಸಮಾಲೋಚಕರೂ ಇದ್ದಾರೆ. 2007ರಿಂದ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವಿದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಆದರೆ ಬಿಟ್ಟಿ ಸಿಕ್ಕಿದ್ದರಲ್ಲಿ ನಮಗೆ ನಂಬಿಕೆಯಿಲ್ಲ. ಸರ್ಕಾರ ಈ ಎಲ್ಲದಕ್ಕೂ ಒಂದೊಂದು ಸಾವಿರ ಶುಲ್ಕ ಇಟ್ಟು, ಮೇಲೆ ಜಿಎಸ್‌ಟಿ ಹಾಕಿ ನೋಡಲಿ, ಜನ ಹೊಸೂರು ರಸ್ತೆಯವರೆಗೆ ಸಾಲು ನಿಲ್ಲುತ್ತಾರೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಮುಂದಿನ ಹಂತಕ್ಕೂ ನಡುವೆ ಆರು ತಿಂಗಳ ಅವಧಿ ಇದೆಯಲ್ಲ, ಈ ಉದ್ಯಮಕ್ಕೆ ಅದೇ ಸುಗ್ಗಿ. ಪ್ಯಾಕೇಜೂ ಸರಿಯಾಗಿ ಆರು ತಿಂಗಳದ್ದು. ಕೂಡುವ ಸಾಧ್ಯತೆಯೇ ಇಲ್ಲದಿದ್ದರೆ ಈ ಅವಧಿಯನ್ನು ನ್ಯಾಯಾಲಯ ಕೈಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಎಷ್ಟು ಜನರ ಹೊಟ್ಟೆಯ ಮೇಲೆ ಹೊಡೆಯಿತೋ!

ಆದರೂ ಈ ಕೋಚ್‌ಗಳಿಗೆ ಅಂಗಡಿ ಹಾಕಿಕೊಟ್ಟವರು ನಾವೇ ಎನ್ನದೆ ವಿಧಿಯಿಲ್ಲ. ಇದಕ್ಕೆ ಮುಂಚೆ ಉಚಿತ ತರಬೇತಿ ಕೊಡುತ್ತಿದ್ದವರು ಸೋದರತ್ತೆ, ದೊಡ್ಡಮ್ಮ, ಎದುರು ಮನೆಯ ನಿವೃತ್ತ ಮೇಷ್ಟ್ರು. ಅವರ ಪಠ್ಯಕ್ರಮ ಒಂದೇ ಸಾಲು: ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ.’ ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದರೂ ಅದೇ ಸಾಲು. ‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆ ಅನುಬಂಧದಲ್ಲಿ. ಆ ಒಂದು ಸಾಲನ್ನು ಮತ್ತೆ ಕೇಳಿಸಿಕೊಳ್ಳದೆ ಇರುವುದಕ್ಕೆ ಒಬ್ಬ ಹೆಣ್ಣುಮಗಳು ತಿಂಗಳ ಸಂಬಳದಲ್ಲಿ ಕಾಲು ಭಾಗ ಸುರಿದರೆ ಅವಳನ್ನು ನಾನಂತೂ ಆಡಿಕೊಳ್ಳಲಾರೆ. ಬೇಸರವೇನೆಂದರೆ ಕೋಚ್ ಬಳಿಯೂ ಇರುವುದು ಒಂದೇ ಸಾಲು: ‘ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ.’ ಹೊಡೆಸಿಕೊಂಡು ಬಂದವಳಿಗೂ ಅದೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂಬೊಬ್ಬರಿದ್ದಾರೆಂದು ಹೇಳಬೇಕಾದ ಹೊತ್ತಿನಲ್ಲಿ, ಕಣ್ಣು ಮುಚ್ಚಿ ನಾಲ್ಕೆಣಿಸುತ್ತಾ ಉಸಿರೆಳೆದುಕೊಳ್ಳಿ ಎನ್ನುತ್ತಾರೆ.

ಉದ್ಯಮ ಹೀಗೇ ಬೆಳೆದರೆ, ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಇಬ್ಬರೂ ಅದೇ ಕೋಚ್ ಬಳಿ ಚಿನ್ನದ ಪ್ಯಾಕೇಜು ಕೊಂಡು ಬರುವ ದಿನ ದೂರವಿಲ್ಲ. ಮಧ್ಯಸ್ಥಿಕೆಯ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ.

‘ನಿಮ್ಮ ಭಾವನೆಗಳನ್ನು ನಾನು ಗೌರವಿಸುತ್ತೇನೆ’ ಎನ್ನುತ್ತಾಳೆ ಆಕೆ.

‘ನಿನ್ನ ಭಾವನೆಗಳನ್ನು ನಾನೂ ಗೌರವಿಸುತ್ತೇನೆ’ ಎನ್ನುತ್ತಾನೆ ಆತ.

‘ಈ ಅಧ್ಯಾಯಕ್ಕೆ ನಾನು ಕೃತಜ್ಞಳು.’

‘ನಾನೂ ಕೃತಜ್ಞ.’

ಮಧ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡು, ‘ಅಲ್ಲ, ಇಷ್ಟು ಗೌರವ ಇರುವವರು ಇಲ್ಲಿಗೆ ಯಾಕೆ ಬಂದಿರಿ? ಇರಲಿ. ಮನೆಯ ಸಾಲ ಯಾರು ಕಟ್ಟುತ್ತೀರಿ? ಮಗು ಯಾರ ಹತ್ತಿರ? ತವರಿನವರು ಕೊಟ್ಟ ಗ್ರೈಂಡರ್ ಯಾರಿಗೆ?’ ಎನ್ನುತ್ತಾರೆ.

ಇಬ್ಬರೂ ನೋಟ್‌ಬುಕ್ ತಿರುವಿ ಹಾಕುತ್ತಾರೆ. ಆ ಪಾಠ ವಜ್ರದ ಪ್ಯಾಕೇಜಿನದು. ಮುಂದಿನ ತಿಂಗಳಿಗೆ ವಾಯಿದೆ ಬೀಳುತ್ತದೆ.