ಬಿತ್ತನೆಯನ್ನು ಜೂಜು ಎನ್ನಬೇಡಿ

‘ಮಳೆ ಕೈಕೊಡುತ್ತದೆ ಎಂದು ಗೊತ್ತಿದ್ದೂ ಮತ್ತೆ ಬಿತ್ತುವ ರೈತನ ಭರವಸೆ ಜೂಜುಗಾರನ ಚಟದಂಥದ್ದು’ ಎಂದು ರೈತರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲ. ಶೇಂಗಾ ಬಿತ್ತುವಾಗ ಅಪ್ಪ ಇಂದಿಗೂ ನಡುನಡುವೆ ತೊಗರಿಯ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಬಿಡುತ್ತಾರೆ, ಅಂಚಿಗೆ ಅಲಸಂದೆ ಹಾಕುತ್ತಾರೆ. ಶೇಂಗಾ ಹೂವಿನ ಬುಡದಿಂದ ಇಳಿಯುವ ಮೊಳೆ ನೆಲಕ್ಕೆ ಚುಚ್ಚುವ ಹೊತ್ತಿನಲ್ಲಿ ಹದ ಇರದಿದ್ದರೆ ಕಾಯಿ ಕಟ್ಟುವುದಿಲ್ಲ. ತೊಗರಿಯ ಬೇರು ಆಳಕ್ಕೆ ಹೋಗುತ್ತದೆ. ಹಿಂಗಾರಿನ ಒಂದೆರಡು ಮಳೆ ಬಿದ್ದರೂ ಮನೆಗೆ ಬೇಳೆಯಾಗುತ್ತದೆ. ಇದ್ದದ್ದೆಲ್ಲವನ್ನೂ ಪಣಕ್ಕೆ ಒಡ್ಡುವವನು ಹೀಗೆ ಯೋಚಿಸುತ್ತಾನೆಯೇ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಎಂದು ಘೋಷಿಸಿತು. ಆ ವರ್ಷ ಗಿಡ ಕಿತ್ತರೆ ಬುಡದಲ್ಲಿ ಎರಡೋ ಮೂರೋ ಜೊಳ್ಳು ಕಾಯಿ. ಬಳ್ಳಿ ದನಗಳಿಗೆ ಮೇವಾಯಿತು. ಮುಂದಿನ ಮುಂಗಾರಿಗೆ ಬೀಜ ಕೊಳ್ಳಲು ದುಡ್ಡಿರಲಿಲ್ಲ. ಪಕ್ಕದ ಹೊಲದ ಅಜ್ಜಿ, ಬಾವಿಯ ನೀರಿನಲ್ಲಿ ಅಷ್ಟಿಷ್ಟು ಬೆಳೆದು ಬಿತ್ತನೆಗೆಂದು ಎತ್ತಿಟ್ಟಿದ್ದ ಎರಡು ಚೀಲಗಳಲ್ಲಿ ಒಂದನ್ನು ನಮ್ಮ ಜಗುಲಿಯ ಮೇಲೆ ಇಳಿಸಿಹೋದರು. ‘ಬೆಳೆದಾಗ ಕೊಡಪ್ಪ’ ಎಂದಷ್ಟೇ ಹೇಳಿದರು. ‘ಕಷ್ಟ ಬಂದರೆ ಮನುಷ್ಯ ತನ್ನದನ್ನಷ್ಟೇ ನೋಡಿಕೊಳ್ಳುತ್ತಾನೆ’ ಎಂಬ ಲೇಖನದ ಇನ್ನೊಂದು ವಾಕ್ಯ ಓದಿದಾಗ ನನಗೆ ಆ ಚೀಲವೇ ಕಣ್ಣಮುಂದೆ ಬಂದಿತು.

ಜೂಜು ಎಂಬ ಮಾತು ಕೊಳವೆಬಾವಿಗೆ ಸಲ್ಲುತ್ತದೆ. ಸಾಲ ಮಾಡಿ ಮೂರು ಕಡೆ ಕೊರೆಸಿದೆವು, ಮೂರರಲ್ಲೂ ಬರೀ ಬಿಳಿ ದೂಳು ಹಾರಿತು. ಬಿತ್ತನೆಯಿಂದ ಆದ ನಷ್ಟವನ್ನು ನಾವು ಹೇಗೋ ತಡೆದುಕೊಂಡೆವು. ಆ ಸಾಲ ಇನ್ನೂ ತೀರಿಲ್ಲ. ಅದರ ಬಗ್ಗೆ ಲೇಖಕರು ಒಂದು ಸಾಲನ್ನೂ ಬರೆದಿಲ್ಲ.