ಎರಡು ಟ್ಯೂಬಿಗೆ ಒಂದೇ ಸ್ಟಾರ್ಟರ್

ಕಾಲೇಜಿನಲ್ಲಿ ನನ್ನನ್ನು ಟ್ಯೂಬ್‌ಲೈಟ್ ಅಂತ ಕರೆಯುತ್ತಿದ್ದರು. ಜೋಕು ಹೇಳಿದರೆ ಎಲ್ಲರೂ ನಕ್ಕು ಸುಮ್ಮನಾದ ಮೇಲೆ ನಾನು ನಗುತ್ತಿದ್ದೆನಂತೆ. ಆ ಹೆಸರಿನ ಋಣವೋ ಏನೋ, ಬೀದಿಯವರೆಲ್ಲ ಎಲ್‌ಇಡಿಗೆ ಹೋದರೂ ನಮ್ಮ ಮನೆಯ ಹಾಲ್ ಮತ್ತು ಅಡುಗೆಮನೆಯಲ್ಲಿ ಇನ್ನೂ ನಾಲ್ಕು ಅಡಿಯ ಹಳೇ ಟ್ಯೂಬ್‌ಗಳೇ ಇವೆ. ಕಬ್ಬಿಣದ ಪಟ್ಟಿ, ಗುಂಯ್ ಅನ್ನುವ ಚೋಕು, ಹಿಂದೆ ಒಂದು ಹಲ್ಲಿ.

ಆಷಾಢದ ಒಂದು ಸಂಜೆ. ಸಾಗರದ ಮಳೆ ಗೊತ್ತಲ್ಲ, ಐದು ಗಂಟೆಗೇ ಕತ್ತಲು. ಹಾಲ್‌ನ ಟ್ಯೂಬ್ ಆಗಲೇ ಉರಿಯುತ್ತಿತ್ತು. ಆರೂವರೆಗೆ ಅಡುಗೆಮನೆಯ ಸ್ವಿಚ್ ಒತ್ತಿದರೆ ಬರೀ ಮಿಣಕ್ ಮಿಣಕ್. ತುದಿಗಳು ಕೆಂಪಗಾಗುತ್ತವೆ, ನಡುವೆ ಒಂದು ಅಲೆ ಓಡುತ್ತದೆ, ಮತ್ತೆ ಕತ್ತಲು.

"ರೀ, ಸ್ವಲ್ಪ ನೋಡ್ರಿ" ಅಂದಳು ಹೆಂಡತಿ.

"ಗಿರಣಿ ನಿಲ್ಲಲಿ, ತಾನೇ ಹತ್ತುತ್ತೆ" ಅಂದರು ಅಮ್ಮ, ಹೂಬತ್ತಿ ಹೊಸೆಯುತ್ತಾ. ಬೀದಿ ತುದಿಯಲ್ಲೊಂದು ಹಿಟ್ಟಿನ ಗಿರಣಿ ಇದೆ. ಅದಕ್ಕೂ ನಮ್ಮ ಟ್ಯೂಬಿಗೂ ಏನು ಸಂಬಂಧ? ವಯಸ್ಸಾದವರು ಏನೋ ಅಂತಾರೆ ಅಂದುಕೊಂಡು ಸ್ಟೂಲು ಹತ್ತಿದೆ.

ಮೊದಲ ಚಿಕಿತ್ಸೆ ಎಲ್ಲರಿಗೂ ಗೊತ್ತಿರುವುದೇ. ಟ್ಯೂಬನ್ನು ಹೋಲ್ಡರಿನಲ್ಲಿ ಆ ಕಡೆ ಈ ಕಡೆ ತಿರುಗಿಸುವುದು. ತಿರುಗಿಸಿದೆ. ಕಳೆದ ವರ್ಷದ ಮಳೆಹುಳುಗಳ ರೆಕ್ಕೆಗಳೆಲ್ಲ ಸೀದಾ ಸಾರಿನ ಪಾತ್ರೆಗೆ ಬಿದ್ದವು. ಹಲ್ಲಿ ನನ್ನ ಭುಜದ ಮೇಲೆ ಇಳಿದು, ಅಲ್ಲಿಂದ ಫ್ರಿಜ್ಜಿನ ಹಿಂದೆ ಹೋಯಿತು. ಹಲ್ಲಿ ಬಲಭುಜಕ್ಕೆ ಬಿದ್ದರೆ ಏನು ಫಲ ಅಂತ ಪಂಚಾಂಗ ನೋಡಲು ಅಮ್ಮ ಎದ್ದರು. ಸಾರಿನ ಫಲ ಹೆಂಡತಿಯ ಮುಖದಲ್ಲೇ ಕಾಣುತ್ತಿತ್ತು.

ಎರಡನೇ ಚಿಕಿತ್ಸೆ ಸ್ಟಾರ್ಟರ್. ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಗಲಗಲ ಅಂದಂತಾಯಿತು. ಹಾಗೆ ಅಂದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತವನು ಗೊತ್ತಿಲ್ಲ ಅನ್ನಬಾರದು. "ಸ್ಟಾರ್ಟರ್ ಹೋಗಿದೆ" ಅಂತ ಘೋಷಿಸಿದೆ.

ಮಳೆಯಲ್ಲಿ ಅಂಗಡಿಗೆ ಯಾರು ಹೋಗ್ತಾರೆ? ಹಾಲ್‌ನ ಸ್ಟಾರ್ಟರ್ ಕಿತ್ತು ತಂದು ಇಲ್ಲಿ ಹಾಕಿದೆ. ಇಷ್ಟೆಲ್ಲ ಆಗುವ ಹೊತ್ತಿಗೆ ಏಳೂವರೆ. ಅಡುಗೆಮನೆ ಝಗ್ ಅಂತ ಬೆಳಗಿತು! ಇನ್ನೂ ಆಶ್ಚರ್ಯ ಅಂದರೆ, ಸ್ಟಾರ್ಟರ್ ಇಲ್ಲದ ಹಾಲ್‌ನ ಟ್ಯೂಬ್ ಉರಿಯುತ್ತಲೇ ಇತ್ತು.

ಡಿಪ್ಲೊಮಾ ಓದುವ ಮಗಳು ವಿವರಿಸಿದಳು. ಸ್ಟಾರ್ಟರಿನ ಡಬ್ಬಿಯಲ್ಲಿ ಗ್ಯಾಸ್ ತುಂಬಿದ ಪುಟ್ಟ ಗಾಜಿನ ಬುರುಡೆ ಇರುತ್ತದಂತೆ. ಸ್ವಿಚ್ ಹಾಕಿದಾಗ ಅದು ಮಿನುಗುತ್ತದೆ, ಆ ಶಾಖಕ್ಕೆ ಒಳಗಿನ ಎರಡು ಲೋಹದ ಪಟ್ಟಿ ಬಾಗಿ ಅಂಟಿಕೊಳ್ಳುತ್ತದೆ. ಆಗ ಟ್ಯೂಬಿನ ಎರಡೂ ತುದಿಯ ತಂತಿ ಕಾಯುತ್ತವೆ. ಪಟ್ಟಿ ಆರಿ ಬಿಟ್ಟುಕೊಂಡ ಕ್ಷಣ ಚೋಕು ಒಂದು ದೊಡ್ಡ ಒದೆ ಕೊಡುತ್ತದೆ, ಟ್ಯೂಬ್ ಹತ್ತುತ್ತದೆ. ಆಮೇಲೆ ಸ್ಟಾರ್ಟರಿಗೆ ಕೆಲಸವಿಲ್ಲ. ಮದುವೆ ಆದ ಮೇಲೆ ದಲ್ಲಾಳಿಗೆ ಏನು ಕೆಲಸ, ಅಷ್ಟೇ.

ಹಾಗಾದರೆ ಎರಡು ಟ್ಯೂಬಿಗೆ ಒಂದೇ ಸ್ಟಾರ್ಟರ್ ಸಾಕಲ್ಲ! ನನ್ನೊಳಗಿನ ಜಿಪುಣ ಎದ್ದು ಕುಳಿತ. 20 ರೂಪಾಯಿ ಉಳಿತಾಯ. ಅಂದಿನಿಂದ ಸಂಜೆ ಹಾಲ್ ಬೆಳಗಿಸುವುದು, ಸ್ಟಾರ್ಟರ್ ಕೀಳುವುದು, ಸ್ಟೂಲು ಎತ್ತಿಕೊಂಡು ಅಡುಗೆಮನೆಗೆ ಹೋಗುವುದು. ದೇವಸ್ಥಾನದಲ್ಲಿ ಗುಡಿಯಿಂದ ಗುಡಿಗೆ ಆರತಿ ಹಿಡಿದು ಓಡುವ ಭಟ್ಟರ ಹಾಗೆ. ಮಳೆಗಾಲದಲ್ಲಿ ಕರೆಂಟು ಸಂಜೆಗೆ ನಾಲ್ಕು ಸಲ ಹೋಗಿ ಬರುತ್ತದೆ. ನಾಲ್ಕು ಸಲವೂ ಆರತಿ ಮೊದಲಿಂದ. ಎರಡು ವಾರದಲ್ಲಿ ಮಂಡಿ ನೋವು ಶುರುವಾಯಿತು. ಮುಲಾಮಿಗೆ 85 ರೂಪಾಯಿ ಆಯಿತು. ಆ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಒಂದು ದಿನ ಆಫೀಸಿನ ಮೀಟಿಂಗಿನಲ್ಲಿ ಸಾಹೇಬರು ಸಹಿಗೆ ಪೆನ್ನು ಕೇಳಿದರು. ಜೇಬಿಗೆ ಕೈ ಹಾಕಿ ಕೊಟ್ಟೆ. ಸಾಹೇಬರು ಅದರ ಕ್ಯಾಪ್ ಹುಡುಕುತ್ತಿದ್ದರು. ಅದು ಸ್ಟಾರ್ಟರ್ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಹೆಂಡತಿಯ ಫೋನು: "ಎರಡೂ ಕಡೆ ಕತ್ತಲು, ಎಲ್ಲಿದೆ ಅದು?"

ಬರುವಾಗ ಹೊಸ ಸ್ಟಾರ್ಟರ್ ತಂದೆ. "ಇದನ್ನ ಯಾರು ಕೇಳ್ತಾರೆ ಸಾರ್ ಈಗ" ಅನ್ನುತ್ತಾ ಅಂಗಡಿಯವರು ಧೂಳು ಒರೆಸಿ ಕೊಟ್ಟರು. ಮನೆಗೆ ಬಂದಾಗ ಆರೂವರೆ. ಹಾಕಿದೆ. ಮಿಣಕ್ ಮಿಣಕ್. ಜೇಬಿನಲ್ಲಿದ್ದ ಹಾಲ್‌ನದ್ದನ್ನೂ ಹಾಕಿ ನೋಡಿದೆ. ಅದೂ ಮಿಣಕ್. ಹಾಗಾದರೆ ಚೋಕು! ಇಲ್ಲ, ಟ್ಯೂಬೇ ಹೋಗಿರಬೇಕು! ಎರಡಕ್ಕೂ ಸೇರಿ ಎಷ್ಟಾಗಬಹುದು ಅಂತ ಸ್ಟೂಲಿನ ಮೇಲೆ ನಿಂತೇ ಲೆಕ್ಕ ಹಾಕುತ್ತಿದ್ದೆ.

"ಮುಳ್ಳು ನೋಡೋ" ಅಂದರು ಅಮ್ಮ.

ಫ್ರಿಜ್ಜಿನ ಪಕ್ಕದ ಸ್ಟೆಬಿಲೈಸರ್. ಹತ್ತು ವರ್ಷದಿಂದ ಅಲ್ಲೇ ಇದೆ, ನಾನು ಅದರ ಮೇಲೆ ಬೀಗದ ಕೈ ಇಡುತ್ತೇನೆ. 230 ವೋಲ್ಟ್ ತೋರಿಸಬೇಕಾದ ಮುಳ್ಳು 160ರ ಹತ್ತಿರ ಮಲಗಿತ್ತು. ದೂರದಲ್ಲಿ ಗಿರಣಿ ಸದ್ದು.

ಯಾರೂ ಮಾತಾಡಲಿಲ್ಲ. ಏಳು ಗಂಟೆಗೆ ಗಿರಣಿ ನಿಂತಿತು. ಮುಳ್ಳು ಎದ್ದಿತು. ಟ್ಯೂಬ್ ಹತ್ತಿತು. ಆವತ್ತೂ ಆಗಿದ್ದು ಇದೇ! ಹಾಲ್‌ನ ಟ್ಯೂಬ್ ಗಿರಣಿ ಶುರುವಾಗುವ ಮೊದಲೇ ಹತ್ತಿತ್ತು. ಒಮ್ಮೆ ಹತ್ತಿದ್ದು ಕಡಿಮೆ ವೋಲ್ಟೇಜಿನಲ್ಲೂ ಹೇಗೋ ಉರಿಯುತ್ತದೆ. ಹತ್ತುವುದಕ್ಕೇ ಕಷ್ಟ.

ಅಟ್ಟದ ಬಿಸ್ಕತ್ ಡಬ್ಬಿಯಿಂದ 'ಹೋಗಿದ್ದ' ಸ್ಟಾರ್ಟರ್ ತೆಗೆದು ಹಾಲ್‌ನಲ್ಲಿ ಹಾಕಿದೆ. ಒಂದೇ ಸಲಕ್ಕೆ ಹತ್ತಿತು.

ಮಗಳು ನಗಲು ಶುರು ಮಾಡಿದಳು. ಹೆಂಡತಿಯೂ ನಕ್ಕಳು, ಅಮ್ಮನೂ. ಅವರೆಲ್ಲ ನಕ್ಕು ಸುಮ್ಮನಾದ ಮೇಲೆ, ಊಟಕ್ಕೆ ಕುಳಿತಾಗ, ನನಗೂ ನಗು ಬಂತು.